ಮಿತ್ಲಾ ಕೆಫೆ ಮತ್ತು ಎದುರು ಬದಿಯ ವ್ಯಾಪಾರಿ

ತಯಾರಿಕೆಯ ಗುಟ್ಟನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಚಿಂತೆ ನಮ್ಮ ಸಣ್ಣ ಉದ್ಯಮಿಗಳಿಗೆ, ವಿಶೇಷವಾಗಿ ಆಹಾರ ಪದಾರ್ಥಗಳ ತಯಾರಕರಿಗೆ, ಸದಾ ಇದ್ದೇ ಇರುತ್ತದೆ. ಈ ದೃಷ್ಟಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಒಂದು ಸಾಮಾನ್ಯ ಮೆಕ್ಸಿಕನ್ ಉಪಾಹಾರ ಗೃಹದ ಇತಿಹಾಸ ಪರಿಶೀಲನಾರ್ಹವಾಗಿದೆ.

ಸ್ಯಾನ್ ಬರ್ನಾರ್ಡಿನೊ ನಗರದ ಮೌಂಟ್ ವರ್ನನ್ ರಸ್ತೆಯಲ್ಲಿ 1937ರಲ್ಲಿ ಲೂಸಿಯಾ ರೊಡ್ರಿಗಸ್ ಎಂಬ ಮಹಿಳೆ ‘ಮಿತ್ಲಾ ಕೆಫೆ’ಯನ್ನು ಆರಂಭಿಸಿದರು. ಸುತ್ತಮುತ್ತಲಿನ ಮೆಕ್ಸಿಕನ್ ಮೂಲದ ಶ್ರಮಿಕ ಕುಟುಂಬಗಳೇ ಗ್ರಾಹಕರು. ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮಡಿಸಿ, ಗರಿಗರಿಯಾಗಿ ಕರಿದು, ಕೊಚ್ಚಿದ ಮಾಂಸ, ಲೆಟ್ಯೂಸ್, ಟೊಮೆಟೊ, ಚೀಸ್ ತುಂಬಿದ ಟ್ಯಾಕೋ ಅಲ್ಲಿನ ಜನಪ್ರಿಯ ತಿನಿಸಾಗಿತ್ತು. ರಸ್ತೆಯ ಎದುರು ಬದಿಯಲ್ಲಿ ಗ್ಲೆನ್ ಬೆಲ್ ಎಂಬವರು ಹ್ಯಾಂಬರ್ಗರ್ ಮಾರುತ್ತಿದ್ದರು. ಮಿತ್ಲಾದ ಮುಂದೆ ನಿಲ್ಲುತ್ತಿದ್ದ ಸಾಲು ಅವರ ಗಮನಕ್ಕೆ ಬಾರದಿರಲಿಲ್ಲ. ಅಲ್ಲಿಗೆ ಊಟಕ್ಕೆ ಹೋಗಿ ಹೋಗಿ ಪರಿಚಯ ಬೆಳೆದು, ಕೊನೆಗೆ ಅಡುಗೆಮನೆಯೊಳಗೂ ಅವರಿಗೆ ಪ್ರವೇಶ ದೊರೆಯಿತೆಂದು ಗುಸ್ಟಾವೊ ಅರೆಯಾನೊ ತಮ್ಮ 2012ರ ‘ಟ್ಯಾಕೋ ಯುಎಸ್‌ಎ’ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬೆಲ್ 1962ರಲ್ಲಿ ಡೌನಿ ಎಂಬಲ್ಲಿ ‘ಟ್ಯಾಕೋ ಬೆಲ್’ ತೆರೆದರು. 1978ರಲ್ಲಿ ಅದನ್ನು ಪೆಪ್ಸಿಕೋ ಕಂಪನಿ ಕೊಂಡಿತು.

ಇದನ್ನು ಕಳವಿನ ಕಥೆಯೆಂದು ಹೇಳುವವರೇ ಹೆಚ್ಚು. ಆ ಅಸಮಾಧಾನ ನ್ಯಾಯವಾದುದೇ. ಆದರೆ ವರ್ತಕನ ದೃಷ್ಟಿಯಿಂದ ನೋಡಿದರೆ, ಎದುರು ಬದಿಯವರನ್ನು ಶ್ರೀಮಂತಗೊಳಿಸಿದ್ದು ಪಾಕವಲ್ಲ. ರೊಟ್ಟಿಗಳನ್ನು ಮುಂಚಿತವಾಗಿ, ಒಮ್ಮೆಗೆ ಹಲವನ್ನು ಕರಿಯಬಲ್ಲ ತಂತಿಯ ಚೌಕಟ್ಟನ್ನು ಅವರು ಮಾಡಿಸಿಕೊಂಡರು. ಅದರಲ್ಲಿಯೂ ಅವರು ಮೊದಲಿಗರಲ್ಲ: ನ್ಯೂಯಾರ್ಕಿನಲ್ಲಿ ಮೆಕ್ಸಿಕನ್ ಹೋಟೆಲ್ ನಡೆಸುತ್ತಿದ್ದ ಹುವೆನ್ಸಿಯೊ ಮಾಲ್ಡೊನಾಡೊ ಅವರು ಇಂತಹುದೇ ಸಾಧನಕ್ಕೆ 1950ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಪಾಕಕ್ಕೆ ಬೇಲಿ ಹಾಕಲಾಗದು, ಸಾಧನಕ್ಕೆ ಹಾಕಬಹುದು ಎಂಬುದನ್ನು ಆ ಹೋಟೆಲ್ ಮಾಲೀಕರು ಅರಿತಿದ್ದರು.

ಹಾಗಾದರೆ ಮಿತ್ಲಾ ಸೋತಿತೇ? ಲಾಭದ ಸಿಂಹಪಾಲು ಅದಕ್ಕೆ ಬರಲಿಲ್ಲವೆಂಬುದು ನಿರ್ವಿವಾದ. ಆದರೂ ಅದು ಕುಟುಂಬದ ಒಡೆತನದಲ್ಲಿಯೇ ಎಂಟು ದಶಕಗಳನ್ನು ದಾಟಿ ಬಂದಿದೆ. ನಗರದ ಸಾರ್ವಜನಿಕ ಈಜುಕೊಳದಲ್ಲಿ ಮೆಕ್ಸಿಕನ್ ಮೂಲದವರಿಗೆ ಪ್ರವೇಶ ನಿರಾಕರಿಸಲಾಗುತ್ತಿದ್ದಾಗ, ಅದರ ವಿರುದ್ಧ ಹೋರಾಡಿದವರು ಸಭೆ ಸೇರುತ್ತಿದ್ದುದು ಇದೇ ಕೆಫೆಯಲ್ಲಿ. 1944ರಲ್ಲಿ ಫೆಡರಲ್ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದಿತು. ನೆರೆಹೊರೆಯ ಇಂತಹ ಋಣಾನುಬಂಧವನ್ನು ಯಾವ ಚೌಕಟ್ಟಿನಲ್ಲಿಯೂ ಕರಿದು ತೆಗೆಯಲಾಗದು. ಟ್ಯಾಕೋ ಬೆಲ್ ಸ್ವತಃ ಮೆಕ್ಸಿಕೋ ದೇಶದಲ್ಲಿ 1992ರಲ್ಲೊಮ್ಮೆ, 2007ರಲ್ಲಿ ಮತ್ತೊಮ್ಮೆ ಅಂಗಡಿ ತೆರೆದು, ಎರಡು ಸಲವೂ ಮುಚ್ಚಬೇಕಾಯಿತು. ಎರಡನೆಯ ಸಲ ಅಲ್ಲಿಂದ ಹೊರಬಿದ್ದ 2010ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ತನ್ನ ಮೊದಲ ಭಾರತೀಯ ಮಳಿಗೆಯನ್ನು ತೆರೆಯಿತೆಂಬುದು ಸ್ವಾರಸ್ಯಕರ.

ನಮ್ಮಲ್ಲಿಯೂ ಪದಾರ್ಥಗಳ ಬರಿಯ ಮಿಶ್ರಣಕ್ಕೆ 1970ರ ಪೇಟೆಂಟ್ ಕಾಯ್ದೆಯ 3(ಇ) ಕಲಮಿನನ್ವಯ ಪೇಟೆಂಟ್ ದೊರೆಯದು. ವ್ಯಾಪಾರ ರಹಸ್ಯಗಳ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬೇಕೆಂದು ಕಾನೂನು ಆಯೋಗ 2024ರಲ್ಲಿ ಶಿಫಾರಸು ಮಾಡಿತು. ಮಸಾಲೆಯ ಪ್ರಮಾಣವನ್ನು ಬಾಯಿಮಾತಿನಲ್ಲಿ ಬಚ್ಚಿಟ್ಟು ನಿಶ್ಚಿಂತರಾಗಿರುವ ಸದಸ್ಯರು ಅಂಗಡಿಯ ಹೆಸರನ್ನು ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ನೋಂದಾಯಿಸುವುದು, ಕೆಲಸಗಾರರೊಡನೆ ಲಿಖಿತ ಕರಾರು ಮಾಡಿಕೊಳ್ಳುವುದು, ತಾವೇ ರೂಪಿಸಿದ ಯಂತ್ರೋಪಕರಣಗಳಿದ್ದಲ್ಲಿ ಅವನ್ನು ಇತರರಿಗೆ ತೋರಿಸುವ ಮೊದಲೇ ಪೇಟೆಂಟ್ ಸಲಹೆಗಾರರನ್ನು ಕಾಣುವುದು ಉಚಿತ.