ಹಲಗೆ ಬಿಟ್ಟು ಬಾ ಎಂದವರು, ಅರ್ಜಿ ಕೊಟ್ಟು ಹೋಗು ಎಂದವರು

ಬಳ್ಳಾರಿ ಜಿಲ್ಲೆಯ ಬಾದನಹಟ್ಟಿಯಿಂದ ಕುರುಗೋಡು, ಸಿರುಗುಪ್ಪದ ಕಡೆಗೆ, ತುಂಗಭದ್ರೆಯ ಕಾಲುವೆ ನೀರು ಹರಿಯುವ ಈ ಸೀಮೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸುತ್ತಾಡಿ ಬನ್ನಿ. ಕೇರಿಯ ಕೊನೆಗೋ ಕ್ಯಾಂಪಿನ ಅಂಚಿಗೋ ಒಂದು ತಗಡಿನ ಶೆಡ್ಡು ಕಣ್ಣಿಗೆ ಬೀಳದೆ ಇರದು. ಬಾಗಿಲಲ್ಲಿ ಸವೆದ ಚಪ್ಪಲಿಗಳ ಸಾಲು. ಒಳಗೆ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ವಾರವೆಲ್ಲ ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವ ಕೂಲಿ ಮಾಡಿ ಬಿರುಕುಬಿಟ್ಟ ಕೈಗಳಲ್ಲಿ ಸತ್ಯವೇದ. ಅಕ್ಷರ ಬಾರದವರೂ ಅದನ್ನು ಎದೆಗೆ ಒತ್ತಿ ಹಿಡಿದಿರುತ್ತಾರೆ.

ಈ ಚಾಪೆಯ ಮೇಲೆ ಕೂತ ಹೆಂಗಸಿನ ಬಗ್ಗೆ ನಮ್ಮ ನಾಡಿನಲ್ಲಿ ಎರಡು ಗುಂಪಿನವರು ಗಂಟಲು ಹರಿದುಕೊಳ್ಳುತ್ತಾರೆ. ಆಮಿಷ ತೋರಿಸಿ ಆಕೆಯನ್ನು ಸೆಳೆದರು ಎನ್ನುವವರದು ಒಂದು ಗುಂಪು. ಕತ್ತಲಲ್ಲಿದ್ದವಳನ್ನು ಬೆಳಕಿಗೆ ತಂದೆವು ಎನ್ನುವವರದು ಇನ್ನೊಂದು. ಇಬ್ಬರೂ ಹಾವು ಮುಂಗುಸಿಯಂತೆ ಕಾದಾಡುತ್ತಾರೆ. ಆದರೆ ಒಂದು ಮಾತಿನಲ್ಲಿ ಇಬ್ಬರದೂ ಒಂದೇ ರಾಗ: ಆಕೆಯನ್ನು ಯಾರೋ ಕರೆತಂದಿದ್ದಾರೆ. ಆಕೆ ತನ್ನ ಕಾಲ ಮೇಲೆ ತಾನೇ ನಡೆದು ಬಂದಿರಬಹುದು ಎಂಬ ಯೋಚನೆ ಇಬ್ಬರಿಗೂ ಬರುವುದಿಲ್ಲ. ನನ್ನ ತಕರಾರು ಇಬ್ಬರ ಮೇಲೂ ಇದೆ. ಮೊದಲು ಸರ್ಕಾರದ ಕಡೆಯಿಂದ ಶುರು ಮಾಡುತ್ತೇನೆ.

2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ವಿಧಾನಸಭೆಯಲ್ಲಿ ಎದ್ದು ನಿಂತು, ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಎಂದು ದೂರಿದರು. ಮಗ ಮಾತಾಡಿದರು, ಮಂತ್ರಿಗಳು ಉತ್ತರ ಕೊಟ್ಟರು. ಹೆತ್ತ ತಾಯಿ, ವಯಸ್ಸಾದ ಜೀವ, ಯಾವ ದೇವರಿಗೆ ಕೈಮುಗಿಯಬೇಕು ಎಂಬುದು ಸದನದ ಚರ್ಚೆಯ ವಿಷಯವಾಯಿತು. ಆ ತಾಯಿಯ ಮಾತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಆಮೇಲೆ ಹೊಸದುರ್ಗದ ತಹಶೀಲ್ದಾರರು ಹಳ್ಳಿಗೆ ಹೋಗಿ ವಿಚಾರಿಸಿ, ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ವರದಿ ಕೊಟ್ಟರು. ಅವರಿಗೆ ವರ್ಗಾವಣೆಯಾಯಿತು. ಅದೇ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ತಡೆಯುವ ಮಸೂದೆಯನ್ನು ಪಾಸು ಮಾಡಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಹೆಸರೇನೋ ಚಂದ: ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ.

ಒಳಗೇನಿದೆ ನೋಡಿ. ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದನ್ನು ಜಿಲ್ಲಾಧಿಕಾರಿಯ ಕಚೇರಿಯಲ್ಲೂ ತಹಶೀಲ್ದಾರರ ಕಚೇರಿಯಲ್ಲೂ ನೋಟಿಸ್ ಬೋರ್ಡಿಗೆ ಅಂಟಿಸಿ ಆಕ್ಷೇಪಣೆ ಕರೆಯಬೇಕು. ದೂರು ಕೊಡಲು ಬಂಧುಗಳೇ ಆಗಬೇಕೆಂದಿಲ್ಲ, ಜೊತೆಗೆ ಕೆಲಸ ಮಾಡುವವರಾದರೂ ನಡೆಯುತ್ತದೆ. ತಪ್ಪು ಮಾಡಿಲ್ಲವೆಂದು ಸಾಬೀತು ಮಾಡುವ ಹೊರೆ ಆರೋಪಿಯದು. ಸಾಮಾನ್ಯವಾಗಿ 3ರಿಂದ 5 ವರ್ಷ ಜೈಲು. ಮತಾಂತರವಾದವರು ಪರಿಶಿಷ್ಟರೋ ಹೆಂಗಸರೋ ಅಪ್ರಾಪ್ತರೋ ಆಗಿದ್ದರೆ ಅದು 10 ವರ್ಷಕ್ಕೆ ಏರುತ್ತದೆ. ಅಂದರೆ ಈ ಕಾಯ್ದೆಯ ಕಣ್ಣಿನಲ್ಲಿ ನಲವತ್ತು ದಾಟಿದ ಮಾದಿಗರ ಹೆಣ್ಣುಮಗಳ ಬುದ್ಧಿಯೂ ಎಂಟು ವರ್ಷದ ಮಗುವಿನ ಬುದ್ಧಿಯೂ ಒಂದೇ ತೂಕ.

ಆ ನೋಟಿಸ್ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲೋಣ. ಪಹಣಿಗೆ, ಖಾತೆ ಬದಲಾವಣೆಗೆ, ಬೆಳೆ ಪರಿಹಾರಕ್ಕೆ ಎಂದು ಊರಿನ ಜಮೀನ್ದಾರರೆಲ್ಲ ಓಡಾಡುವ ಜಾಗ ಅದು. ಅಲ್ಲಿ ತನ್ನ ಹೊಲದ ಕೂಲಿಯವಳ ಹೆಸರು ನೋಡಿದ ಧಣಿ ಸಂಜೆ ಮನೆಗೆ ಹೋಗಿ ಏನು ಹೇಳುತ್ತಾನೆ ಎನ್ನುವುದಕ್ಕೆ ಕಾನೂನು ಓದಿರಬೇಕಿಲ್ಲ, ಹಳ್ಳಿಯಲ್ಲಿ ಹುಟ್ಟಿದ್ದರೆ ಸಾಕು. ನಾಳೆಯಿಂದ ನಾಟಿಗೆ ಬರಬೇಡ ಎಂಬ ಒಂದು ಮಾತೇ ಸಾಕು. ಯಾವ ಸೆಕ್ಷನ್ನಿನಲ್ಲೂ ಅದು ಬಲವಂತ ಅನ್ನಿಸಿಕೊಳ್ಳುವುದಿಲ್ಲ.

ಇನ್ನು ಆಮಿಷ. ಈ ವಿವಾದದ ಬೀಗದ ಕೈ ಇರುವುದು ಈ ಪದದಲ್ಲೇ. ಕಾಯ್ದೆಯ ಪ್ರಕಾರ ಉಡುಗೊರೆ ಆಮಿಷ, ಹಣ ಆಮಿಷ, ಕೆಲಸ ಆಮಿಷ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಆಮಿಷ, ಉತ್ತಮ ಜೀವನದ ಭರವಸೆ ಆಮಿಷ, ದೇವರ ಕೋಪದ ಮಾತೂ ಆಮಿಷ. ದೇವರ ಕೋಪ! ಮೈಮೇಲೆ ದೇವರು ಬಂದು ಕಾರಣಿಕ ನುಡಿಯುವ ನಮ್ಮ ಸೀಮೆಯಲ್ಲಿ ಈ ಕಲಮು ಎಲ್ಲರಿಗೂ ಅನ್ವಯವಾದರೆ ಯಾರು ಉಳಿದಾರು? ಅಮ್ಮನ ಸಿಟ್ಟಿಗೆ ಹೆದರಿಯೇ ಅಲ್ಲವೆ ಬಳ್ಳಾರಿ ಸೀಮೆಯ ಬಡವರು ತಲೆಮಾರುಗಟ್ಟಲೆ ಹೆಣ್ಣುಮಕ್ಕಳನ್ನು ಬಸವಿಯರಾಗಿ ದೇವರಿಗೆ ಬಿಟ್ಟದ್ದು? 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಬಂತು, ನಿಜ. ಆದರೆ ಆ ಹೆದರಿಕೆಯನ್ನು ಆಮಿಷ ಎಂದು ಕರೆದು ಇಂಥ ಹುಯಿಲು ಎಬ್ಬಿಸಿದವರು ಯಾರೂ ಇಲ್ಲ.

ಉಚಿತ ಶಿಕ್ಷಣದ ಮಾತಿಗೆ ಬಳ್ಳಾರಿಯಲ್ಲೇ ಸಾಕ್ಷಿ ಇದೆ. 1846ರಲ್ಲಿ ಲಂಡನ್ ಮಿಷನ್ನಿನವರು ತೆರೆದ ಶಾಲೆ, ಈಗಿನ ವಾರ್ಡ್ಲಾ. ಶತಮಾನ ದಾಟಿ ಊರಿನ ವಕೀಲರು, ವ್ಯಾಪಾರಿಗಳು, ಅಧಿಕಾರಿಗಳ ಮನೆಯ ಮಕ್ಕಳು ಮಿಷನ್ ಶಾಲೆಯ ಬೆಂಚಿನ ಮೇಲೆ ಕೂತು ಇಂಗ್ಲಿಷು ಕಲಿತರು, ಗಣಿತ ಕಲಿತರು. ಕಲಿತು ಮನೆಗೆ ಹೋಗಿ ಸಂಧ್ಯಾವಂದನೆ ಮಾಡಿದರು, ಲಿಂಗಪೂಜೆ ಮಾಡಿದರು. ಅವರನ್ನು ಯಾರೂ ಆಮಿಷಕ್ಕೆ ಬಲಿಯಾದವರು ಎನ್ನಲಿಲ್ಲ. ಮಿಷನ್ನಿನ ಪಾಠವನ್ನು ತೆಗೆದುಕೊಂಡು ಧರ್ಮವನ್ನು ಬಿಟ್ಟುಬರುವಷ್ಟು ವಿವೇಕ ಅವರಿಗಿತ್ತು ಎಂದು ನಂಬುತ್ತೇವೆ. ಅದೇ ವಿವೇಕ ಕೇರಿಯವರಿಗೂ ಇದ್ದೀತು ಎಂದರೆ ನಂಬಿಕೆ ಬರುವುದಿಲ್ಲ. ಮೇಲಿನ ಓಣಿಯವರು ತೆಗೆದುಕೊಂಡರೆ ಶಿಕ್ಷಣ, ಕೆಳಗಿನ ಕೇರಿಯವರು ತೆಗೆದುಕೊಂಡರೆ ಆಮಿಷ!

ಆಮಿಷಕ್ಕೆ ಅಷ್ಟು ಬಲವಿದ್ದಿದ್ದರೆ ಲೆಕ್ಕ ಬೇರೆಯೇ ಇರಬೇಕಿತ್ತು. 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.91. 2011ರಲ್ಲಿ 1.87. ಕ್ರೈಸ್ತರಾದವರು ಕಾಗದದಲ್ಲಿ ಹಾಗೆಂದು ಬರೆಸುವುದಿಲ್ಲ, ಅದಕ್ಕೇ ಲೆಕ್ಕ ಕಮ್ಮಿ ಎಂದು ವಾದಿಸುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ. ಯಾಕೆ ಬರೆಸುವುದಿಲ್ಲ? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳಾಗಿರಬೇಕು; ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡರು. ಕ್ರೈಸ್ತರಾದರೆ ಸರ್ಟಿಫಿಕೇಟು ಹೋಯಿತು, ಮಗನ ಹಾಸ್ಟೆಲ್ ಸೀಟು ಹೋಯಿತು. ಆದರೆ ಊರಿನ ಹೋಟೆಲಿನಲ್ಲಿ, ಬಾವಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಜಾತಿ ಹೋಗುವುದಿಲ್ಲ. ಹಾಗಾಗಿ ಸೋಮವಾರದ ಕಾಗದದಲ್ಲಿ ಒಂದು, ಭಾನುವಾರದ ಚಾಪೆಯಲ್ಲಿ ಇನ್ನೊಂದು. ಈ ಎರಡು ಬಾಳು ಬಾಳಿಸುವುದು ಸರ್ಕಾರದ್ದೇ ಆದೇಶ. ಧರ್ಮ ಬಿಟ್ಟರೆ ಸವಲತ್ತು ಕಿತ್ತುಕೊಳ್ಳುತ್ತೇವೆ ಎನ್ನುವುದು ಆಮಿಷದ ಇನ್ನೊಂದು ಮುಖ ಅಲ್ಲವೆ? 2025ರ ಸೆಪ್ಟೆಂಬರಿನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಹೊತ್ತಿನಲ್ಲಿ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಪಟ್ಟಿ ಹೊರಬಿದ್ದಾಗ ಎಷ್ಟು ಗದ್ದಲವಾಯಿತು! ಜಾತಿ ದೇವರ ಬೆನ್ನುಹತ್ತಿ ಚರ್ಚಿನವರೆಗೂ ಹೋಗಿದೆ ಎಂಬ ಹಳೆಯ ಸತ್ಯ ಪಟ್ಟಿಯ ರೂಪದಲ್ಲಿ ಎದುರಿಗೆ ಬಂತು, ಅಷ್ಟೆ.

ಕಾಯ್ದೆಯಲ್ಲಿ ಇನ್ನೊಂದು ಜಾಣತನವಿದೆ. ತಾನು ಬಿಟ್ಟ ಧರ್ಮಕ್ಕೆ ಯಾರಾದರೂ ಮರಳಿದರೆ ಅದು ಮತಾಂತರವೇ ಅಲ್ಲವಂತೆ. ಹೋಗುವಾಗ ಗೇಟಿನಲ್ಲಿ ತಪಾಸಣೆ, ಬರುವಾಗ ಹೂಮಾಲೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಇಂಥ ಕಾಯ್ದೆ ಯಾವ ಪಕ್ಷದ ಕೈಯಲ್ಲೂ ಇರಬಾರದು, ಮತ್ತೊಂದು ಹೆಸರಿನಲ್ಲಿ ಮರಳಿಯೂ ಬರಬಾರದು.

ಈಗ ಬೋಧಕರ ಕಡೆಗೆ ತಿರುಗುತ್ತೇನೆ. ಅವರ ಪಾಲಿನ ತಪ್ಪೂ ಸಣ್ಣದಲ್ಲ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ಆಗುತ್ತಿರಲಿಲ್ಲ; ವ್ಯಾಪಾರ ಕೆಟ್ಟೀತು ಎಂಬ ಭಯ. 1813ರ ಸನ್ನದು ಬಾಗಿಲು ತೆರೆದ ಮೇಲೂ ಅವರಿಗೆ ಲೈಸೆನ್ಸು ಬೇಕಾಗಿತ್ತು. ದೇವರ ಮಾತಿಗೆ ಲೈಸೆನ್ಸು ಕೇಳುವ ಚಾಳಿ ನಮಗೆ ಬಂದದ್ದು ಋಷಿಗಳಿಂದಲ್ಲ, ಶರಣರಿಂದಲ್ಲ, ಕಂಪನಿಯಿಂದ. ಅದಿರಲಿ. ಹ್ಯಾಂಡ್ಸ್ ಬಂದವರೇ ಕನ್ನಡ ಕಲಿಯಲು ಕೂತರು. ಇಡೀ ಬೈಬಲ್ ಕನ್ನಡಕ್ಕೆ ಬರಲು 1831ರವರೆಗೆ, ಎರಡು ದಶಕ ಹಿಡಿಯಿತು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ನಿಘಂಟು ಹೊರತಂದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಪತ್ರಿಕೆ, ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲೇ. ಮತ ಹರಡಲು ಬಂದ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಹುಡುಕಿ ಅಚ್ಚು ಹಾಕಿಸಿದರು. ಇನ್ನೊಬ್ಬ ಮಿಷನರಿ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಛಂದಸ್ಸಿನಲ್ಲೇ ಹಾಡಿದರು. 1894ರಲ್ಲಿ ಅವರ ನಿಘಂಟು ಬಂತು.

ಇವರನ್ನು ದೇವತೆಗಳೆಂದು ಹೊಗಳುವ ಉದ್ದೇಶ ನನಗಿಲ್ಲ. ಇಲ್ಲಿಯ ದೇವರುಗಳ ಬಗ್ಗೆ ಮಿಷನ್ನಿನವರು ಅಚ್ಚು ಹಾಕಿಸಿದ ಹೀಯಾಳಿಕೆ ಕಡಿಮೆಯದಲ್ಲ. ಆದರೆ ಮಾತಾಡುವ ಮೊದಲು ಎದುರಿನವರ ಮಾತು ಕಲಿಯಬೇಕು ಎಂಬ ಸಣ್ಣ ಮರ್ಯಾದೆಯಾದರೂ ಅವರಲ್ಲಿತ್ತು. ಕಲಿಯುತ್ತ ಕಲಿಯುತ್ತ ಕೆಲವರು ತಾವೇ ಬದಲಾದರು. ಇಂದಿನ ಎಷ್ಟು ಜನ ಬೋಧಕರಿಗೆ ಆ ತಾಳ್ಮೆ ಇದೆ? ಆರು ತಿಂಗಳ ತರಬೇತಿ, ಒಂದು ಮೈಕು, ಒಂದು ಯೂಟ್ಯೂಬ್ ಚಾನೆಲ್. ಗಡಿಯಾಚೆಯ ತೆಲುಗು ಹಾಡನ್ನು ಹಾಗೇ ತಂದು ಹಾಡಿಸುವುದು, ಮಾತಿಗೊಮ್ಮೆ ‘ಪ್ರೈಸ್ ದ ಲಾರ್ಡ್’. ಊರಮ್ಮನನ್ನು ದೆವ್ವ ಎನ್ನುವುದು, ಅದೂ ಧ್ವನಿವರ್ಧಕದಲ್ಲಿ, ಅದೂ ಜಾತ್ರೆಯ ವಾರದಲ್ಲಿ. ಸಕ್ಕರೆ ಕಾಯಿಲೆಯವರಿಗೆ ಪ್ರಾರ್ಥನೆ ಸಾಕು, ಮಾತ್ರೆ ಬೇಡ ಎನ್ನುವುದು. ಇಂಥ ಬೋಧಕರು ತಮ್ಮ ಸಭೆಯ ಬಡವರಿಗೆ ಹೊರಗಿನ ಶತ್ರುಗಳಿಗಿಂತ ಹೆಚ್ಚು ಕೇಡು ಮಾಡುತ್ತಾರೆ. ಅವರ ಬಾಯಿಯ ಕೊಬ್ಬಿಗೆ ಏಟು ತಿನ್ನುವವಳು ಚಾಪೆಯ ಮೇಲೆ ಕೂತವಳು.

ಇನ್ನು ಹಲಗೆಯ ವಿಷಯ. ಮಾದಿಗರು ಬಾರಿಸುವ ಹಲಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆಂಕಿಗೆ ಹಿಡಿದು ಕಾಸಿ ಹದ ಮಾಡುತ್ತಾರೆ. ಚರ್ಮ ಬಿಗಿದು ಬೆರಳು ತಾಕಿದರೆ ಟಂಗ್ ಎನ್ನಬೇಕು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಹೆಣಕ್ಕೊಂದು ಗತ್ತು, ತೇರಿಗೊಂದು ಗತ್ತು, ಡಂಗುರಕ್ಕೊಂದು ಗತ್ತು. ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಬೋಧಕ ಹೇಳುವ ಮೊದಲ ಮಾತುಗಳಲ್ಲಿ ಒಂದು, ಹಲಗೆ ಮುಟ್ಟಬೇಡ, ಅದು ಸೈತಾನನದು.

ಹಲಗೆ ಬಿಡುವುದು ತಪ್ಪೆಂದು ಹೇಳಲಾರೆ. ಊರಿನ ಹೆಣಕ್ಕೆಲ್ಲ ಪುಕ್ಕಟೆ ಬಾರಿಸಬೇಕಾದ ಬಿಟ್ಟಿ ಚಾಕರಿಗೆ ಬೇಸತ್ತು ಹಲಗೆಯನ್ನು ಅಟ್ಟಕ್ಕೆಸೆದ ದಲಿತರು, ಯಾವ ಚರ್ಚಿಗೂ ಹೋಗದವರು, ಕರ್ನಾಟಕದ ಉದ್ದಗಲಕ್ಕೂ ಇದ್ದಾರೆ. ಅದು ಅವರ ಸ್ವಾಭಿಮಾನ. ಅದೇ ಹಲಗೆಯನ್ನು ದಲಿತ ಚಳವಳಿಯ ಮೆರವಣಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಬಾರಿಸಿದವರೂ ಇದ್ದಾರೆ. ಬಿಡುವುದೂ ಹಿಡಿಯುವುದೂ ಬಾರಿಸುವವರ ಇಷ್ಟ. ಅದನ್ನು ಸೈತಾನನ ಲೆಕ್ಕಕ್ಕೆ ಬರೆಯುವ ಅಧಿಕಾರ ಬೋಧಕನಿಗೆ ಯಾರು ಕೊಟ್ಟರು?

ಇಲ್ಲಿ ಚರ್ಚಿನ ಹಳೆಯ ರೋಗವೊಂದು ಬಯಲಾಗುತ್ತದೆ. ಮಿಷನರಿಗಳು ಭಾರತೀಯ ಸಂಸ್ಕೃತಿಗೆ ಹೊಂದಿಕೊಂಡ ಕಥೆ ಹೇಳುವಾಗ 1606ರಲ್ಲಿ ಮದುರೆಗೆ ಬಂದ ರಾಬರ್ಟೊ ದೆ ನೊಬಿಲಿಯ ಹೆಸರು ಮೊದಲು ಬರುತ್ತದೆ. ಕಾವಿ ಉಟ್ಟರು, ಸಂಸ್ಕೃತ ಕಲಿತರು, ಸಂನ್ಯಾಸಿಯಂತೆ ಬದುಕಿದರು. ಸರಿ. ಆದರೆ ಅದು ಯಾರ ಸಂಸ್ಕೃತಿ? ಬ್ರಾಹ್ಮಣರದು. ಇಂದಿಗೂ ಪೂಜೆಯಲ್ಲಿ ಕಾಲುದೀಪ, ಆರತಿ, ಭರತನಾಟ್ಯ ಬಂದರೆ ಚರ್ಚು ಭಾರತೀಯವಾಯಿತು ಎಂದು ಬೀಗುತ್ತಾರೆ. ಹಲಗೆ ಬಂದರೆ ಮುಖ ಸಿಂಡರಿಸುತ್ತಾರೆ. ಹಳ್ಳಿಯ ಚರ್ಚುಗಳ ಬಹುಪಾಲು ಜನ ಬಂದದ್ದು ಹಲಗೆಯ ಮನೆಗಳಿಂದ, ವೀಣೆಯ ಮನೆಗಳಿಂದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತರ ಕಣ್ಣಿನಿಂದ ದೇವರನ್ನು ಕಾಣುವ ಮಾತೆತ್ತಿದರು. ಆ ಚಿಂತನೆ ಪುಸ್ತಕವಾಯಿತು, ಪಾಠವಾಯಿತು; ನಮ್ಮ ತಗಡಿನ ಶೆಡ್ಡಿನವರೆಗೆ ಇಳಿದು ಬರಲಿಲ್ಲ.

ಚಾಪೆಯ ಮೇಲೆ ಕೂತ ಆ ಹೆಂಗಸು ಯಾಕೆ ಅಲ್ಲಿಗೆ ಹೋದಳು? ಮಗುವಿನ ಜ್ವರಕ್ಕೆ ಪ್ರಾರ್ಥನೆ ಮಾಡಿಸಲು ಹೋಗಿರಬಹುದು. ಕುಡುಕ ಗಂಡನ ಕಾಟಕ್ಕೆ ಒಂದು ಗಂಟೆ ನೆಮ್ಮದಿ ಬೇಕಾಗಿರಬಹುದು. ಯಾರೋ ಅಕ್ಕಾ ಎಂದು ಕರೆದು ಚಾಪೆ ಹಾಸಿದ್ದಕ್ಕೆ ಹೋಗಿರಬಹುದು. ನಿಜವಾಗಿಯೂ ಕ್ರಿಸ್ತನನ್ನು ನಂಬಿಯೇ ಹೋಗಿರಬಹುದು. ನಾಳೆ ಬೇಸರವಾಗಿ ಬಿಟ್ಟುಬರಲೂಬಹುದು. ಹುಲಿಗೆಮ್ಮನ ಗುಡಿಗೂ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೂ ಜನ ಹೋಗುವುದು ಇಂಥವೇ ಕಾರಣಗಳಿಗೆ. ಅಲ್ಲಿಗೆ ಹೋಗುವವರ ಉದ್ದೇಶವನ್ನು ಯಾವ ಸರ್ಕಾರಿ ಅಧಿಕಾರಿಯೂ ವಿಚಾರಣೆ ಮಾಡುವುದಿಲ್ಲ. ಮಾಡಬಾರದು ಕೂಡ.

ಬೋಧಕರಿಗೆ ನನ್ನ ಮಾತು ಇಷ್ಟು: ಮೈಕು ಇಳಿಸಿ, ಕನ್ನಡ ಕಲಿಯಿರಿ, ಕಾಣಿಕೆಯ ಲೆಕ್ಕ ಸಭೆಯ ಮುಂದಿಡಿ, ಮಾತ್ರೆ ನುಂಗುವವರನ್ನು ತಡೆಯಬೇಡಿ, ಹಲಗೆಯನ್ನು ಬಾರಿಸುವವರಿಗೇ ಬಿಡಿ. ಸರ್ಕಾರಕ್ಕೆ ಹೇಳುವುದು ಇನ್ನೂ ಕಡಿಮೆ. ಬೆದರಿಕೆಗೆ, ಮೋಸಕ್ಕೆ, ವಂಚನೆಗೆ ಶಿಕ್ಷೆ ಕೊಡುವ ಕಾನೂನು ಮೊದಲೇ ಇದೆ. ಯಾವ ಧರ್ಮದವರು ಮಾಡಿದರೂ ಅದನ್ನೇ ಬಳಸಿ. ಕುರುಗೋಡಿನ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಪಹಣಿ ತಿದ್ದುಪಡಿ ಇರಲಿ, ಬೆಳೆ ಪರಿಹಾರದ ಪಟ್ಟಿ ಇರಲಿ. ಯಾರ ಮನೆಯ ದೇವರು ಯಾವುದು ಎಂಬ ಚೀಟಿ ಅಲ್ಲಿ ಬೇಡ.