ಜಲ್ಲಿ ಏಟಿಗೆ ಒಂದು, ಹಿಕ್ಕೆ ಕಲೆಗೆ ಇನ್ನೊಂದು

ಹಾಸನದ ನಮ್ಮ ಭಾವ ತಿಂಗಳಿಗೆ ಎರಡು ಸಲವಾದರೂ ಮಂಗಳೂರಿಗೆ ಹೋಗಿಬರುತ್ತಾರೆ. ದಾರಿ ಶಿರಾಡಿ ಘಾಟಿಯದು. ಹೋದ ದೀಪಾವಳಿಗೆ ಅವರ ಮನೆಗೆ ಹೋದಾಗ ಕಾರಿನ ಬಾನೆಟ್ ಮೇಲೆ ಸುಮ್ಮನೆ ಕೈಯಾಡಿಸಿದೆ. ಸಾಸಿವೆ ಕಾಳಿನಷ್ಟು ಗುಳಿಗಳು ಬೆರಳಿಗೆ ಸಿಕ್ಕವು. ಎಣಿಸಿದರೆ ಹನ್ನೊಂದು. ಎರಡರ ತಳದಲ್ಲಿ ಆಗಲೇ ತುಕ್ಕು ಕಾಣುತ್ತಿತ್ತು. "ಸೆರಾಮಿಕ್ ಕೋಟಿಂಗ್ ಹಾಕಿಸಿದ್ದೆ ಕಣಯ್ಯಾ, ಕಲ್ಲು ಹೊಡೆದರೂ ಏನೂ ಆಗಲ್ಲ ಅಂದಿದ್ರು" ಎಂದು ಭಾವ ನೊಂದುಕೊಂಡರು. ಕೊಟ್ಟಿದ್ದು ಇಪ್ಪತ್ತು ಸಾವಿರ. ಈಗ ಆ ಕಾರನ್ನು ಬೆಂಗಳೂರಿನಲ್ಲಿರುವ ಮಗಳಿಗೆ ಕೊಟ್ಟು, ತಮಗೊಂದು ಹೊಸದನ್ನು ಬುಕ್ ಮಾಡಿದ್ದಾರೆ. ಈ ಸಲ ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮ್ ಹಾಕಿಸಲೋ, ಮತ್ತೆ ಸೆರಾಮಿಕ್ಕೇ ಸಾಕೋ ಎಂಬುದು ಅವರ ಪ್ರಶ್ನೆ.

ಉತ್ತರ ಹುಡುಕುವ ಮೊದಲು ಕಾರಿನ ಬಣ್ಣ ಎಷ್ಟು ತೆಳು ಎಂಬುದನ್ನು ನೋಡಬೇಕು. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಇಷ್ಟೂ ಸೇರಿದರೆ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಎರಡು ಕೂದಲಿನಷ್ಟೂ ದಪ್ಪವಿಲ್ಲದ ಹೊದಿಕೆ ಬಿಸಿಲು, ಮಳೆ, ಜಲ್ಲಿ ಎಲ್ಲವನ್ನೂ ತಾಳಿಕೊಳ್ಳಬೇಕು. ಇದರ ಮೇಲೆ ಸೆರಾಮಿಕ್ ಕೋಟಿಂಗ್ ಸೇರಿಸುವುದು ಒಂದೆರಡು ಮೈಕ್ರಾನ್ ಅಷ್ಟೆ. ಪಿಪಿಎಫ್ ಆದರೋ 150ರಿಂದ 200 ಮೈಕ್ರಾನ್, ಕಾರಿನ ಬಣ್ಣದ ಪದರಗಳೆಲ್ಲ ಒಟ್ಟಾದರೂ ಅದಕ್ಕಿಂತ ತೆಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಯಾವುದು ಮೇಲು ಎಂದು ಕೇಳಿದರೆ ಅಂಗಡಿಯವರ ಮಾತೇ ಗೆಲ್ಲುತ್ತದೆ. ನಮ್ಮ ಕಾರಿಗೆ ಪೆಟ್ಟು ಬೀಳುವುದು ಯಾವುದರಿಂದ ಎಂದು ಮೊದಲು ಕೇಳಿಕೊಳ್ಳಬೇಕು.

ಸೆರಾಮಿಕ್ ಎಂದರೆ ಸಿಲಿಕಾ ಮೂಲದ ದ್ರವ. ಒರೆಸಿ ಹಚ್ಚಿದ ಮೇಲೆ ಗಾಳಿಯ ತೇವದೊಂದಿಗೆ ಬೆರೆತು ಗಟ್ಟಿಯಾಗಿ ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕೆಸುವಿನ ಎಲೆಯ ಮೇಲೆ ಜಾರುವ ಹಾಗೆ ನೀರು ಗುಂಡಗಾಗಿ ಉರುಳಿಹೋಗುತ್ತದೆ, ಕೊಳೆ ಸಲೀಸಾಗಿ ಬಿಡುತ್ತದೆ. ಭಾವನನ್ನು ದಾರಿ ತಪ್ಪಿಸಿದ್ದು ಡಬ್ಬಿಯ ಮೇಲಿದ್ದ "9ಎಚ್ ಗಡಸುತನ" ಎಂಬ ಮಾತು. ಅದು ಪೆನ್ಸಿಲ್ ಪರೀಕ್ಷೆಯ ಅಳತೆ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೂ ಗೀರಾಗುವುದಿಲ್ಲ ಎಂದಷ್ಟೇ ಅದರ ಅರ್ಥ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕವೇ ಬೇರೆ. ಅದರಲ್ಲಿ ಮರಳಿನ ಬೆಣಚುಕಲ್ಲು 7, ವಜ್ರ 10. ಪೆನ್ಸಿಲ್ಲಿನ 9ನ್ನು ಕೇಳಿದವರು ವಜ್ರಕ್ಕೆ ಒಂದೇ ಮೆಟ್ಟಿಲು ಕಡಿಮೆ ಎಂದುಕೊಳ್ಳುತ್ತಾರೆ, ಮಾರುವವರು ತಿದ್ದುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ಸಂಗತಿ. ಟಿಪ್ಪರ್ ಹಿಂದೆ ಎಂಬತ್ತರ ವೇಗದಲ್ಲಿ ಹೋಗುವಾಗ ಹಾರಿಬಂದ ಜಲ್ಲಿ ಚೂರಿಗೆ ಎರಡು ಮೈಕ್ರಾನಿನ ಪದರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗೆಂದು ಸೆರಾಮಿಕ್ಕನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ಭಾವನ ಮಗಳಿಗೆ ಕೊಟ್ಟ ಕಾರು ಈಗ ನಿಲ್ಲುವುದು ಜಯನಗರದ ರಸ್ತೆಯೊಂದರಲ್ಲಿ, ಮಳೆಮರದ ಕೆಳಗೆ. ಅಲ್ಲಿ ಜಲ್ಲಿಯ ಭಯವಿಲ್ಲ. ಬಣ್ಣಕ್ಕೆ ಶತ್ರು ಹಕ್ಕಿಯ ಹಿಕ್ಕೆ, ಮರದಿಂದ ತೊಟ್ಟಿಕ್ಕುವ ಅಂಟು, ಧೂಳು. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾದಾಗ ಹಿಕ್ಕೆ ಅಲ್ಲೇ ಒಣಗಿ, ಸಂಜೆ ತಂಪಾಗುತ್ತಿದ್ದಂತೆ ಅದರ ಅಚ್ಚು ಬಣ್ಣದ ಮೇಲೆ ಉಳಿದುಬಿಡುತ್ತದೆ. ಸೆರಾಮಿಕ್ ಇದ್ದರೆ ಒರೆಸಲು ಒಂದಷ್ಟು ಹೊತ್ತು ಬಿಡುವು ಸಿಗುತ್ತದೆ. ದಿನಗಟ್ಟಲೆ ಬಿಟ್ಟರೆ ಅದೂ ಕಾಯದು.

ನೀರಿನ ಲೆಕ್ಕವೂ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂದು ಆದೇಶ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದಿತು. ಅರ್ಧ ಬಕೆಟ್ಟಿನಲ್ಲೇ ಕೊಳೆ ಬಿಡುವ ಕಾರು ಅಂಥ ಊರಿನಲ್ಲಿ ಸಣ್ಣ ಉಪಕಾರವಲ್ಲ. ಆದರೆ ತೊಳೆಯುವುದು ಬೋರ್‌ವೆಲ್ ನೀರಿನಲ್ಲಾದರೆ ಇದೇ ಗುಣ ತಿರುಗಿಬೀಳುತ್ತದೆ. ಗುಂಡಗೆ ನಿಂತ ಗಡಸು ನೀರಿನ ಹನಿ ಬಿಸಿಲಿಗೆ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತದೆ. ತೊಳೆದ ಕೂಡಲೇ ಮೆತ್ತನೆ ಬಟ್ಟೆಯಲ್ಲಿ ಒರೆಸುವವರಿಲ್ಲದ ಮನೆಗೆ ಸೆರಾಮಿಕ್ ಅರ್ಧ ದಂಡ.

ಇನ್ನು ಫಿಲ್ಮ್. ಇದರ ಹುಟ್ಟು ವಿಯೆಟ್ನಾಂ ಯುದ್ಧದ ಕಾಲದ್ದು. ಹಾರುವ ಮರಳಿಗೂ ಕಲ್ಲಿಗೂ ಸಿಕ್ಕಿ ಸವೆಯುತ್ತಿದ್ದ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆ ಅಂಚನ್ನು ಉಳಿಸಲು ಪಾಲಿಯುರೆಥೇನ್ ಪಟ್ಟಿ ಅಂಟಿಸಿದ್ದೇ ಮೊದಲು. ಕಾರಿಗೆ ಬಂದಿದ್ದು ಆಮೇಲೆ. ಈಗಿನ ಒಳ್ಳೆಯ ಫಿಲ್ಮ್ ಕಲ್ಲಿನ ಏಟನ್ನು ತಾನು ತಿಂದು ಬಣ್ಣವನ್ನು ಉಳಿಸುತ್ತದೆ. ಮೇಲ್ಪದರದ ಕೂದಲೆಳೆಯ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವಾಗಿ ಕೂಡಿಕೊಳ್ಳುತ್ತವೆ. ಕೀಲಿಕೈಯಲ್ಲಿ ಆಳವಾಗಿ ಕೊರೆದರೆ ಮಾತ್ರ ಕೂಡವು.

ಫಿಲ್ಮಿನ ಪರವಾಗಿ ನನ್ನನ್ನು ಒಪ್ಪಿಸಿದ್ದು ಬೇರೊಂದು ಸಂಗತಿ. ಕಾರ್ಖಾನೆಯಲ್ಲಿ ಬರಿಯ ತಗಡಿನ ಮೈಗೆ ಬಣ್ಣ ಬಳಿದು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಟಿಂಕರಿಂಗ್ ಶೆಡ್ಡಿಗೆ ಹೋಗುವ ಕಾರಿನಲ್ಲಿ ವೈರು, ಪ್ಲಾಸ್ಟಿಕ್, ರಬ್ಬರ್ ಎಲ್ಲ ಇರುವುದರಿಂದ ಅಷ್ಟು ಶಾಖ ಕೊಡುವಂತಿಲ್ಲ, ಅದರ ಅರ್ಧದಷ್ಟರಲ್ಲೇ ಒಣಗಿಸುತ್ತಾರೆ. ಎಷ್ಟೇ ಪಳಗಿದ ಕೈಯಾದರೂ ಮೊದಲ ಬಣ್ಣ ಮತ್ತೆ ಬರುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಹೋಗಿಬರುವ ಕಾರಿನಲ್ಲಿ ಗುಳಿ ತಗಡು ಮುಟ್ಟಿತೆಂದರೆ ತುಕ್ಕು ಕಾಯುವುದಿಲ್ಲ.

ಫಿಲ್ಮಿನ ತೊಂದರೆಗಳೂ ಕಡಿಮೆಯಿಲ್ಲ. ಇಡೀ ಕಾರಿಗೆ ಹೊದಿಸಲು ಲಕ್ಷದ ಮಾತು ಬರುತ್ತದೆ. ಹತ್ತು ಲಕ್ಷದ ಕಾರಿಗೆ ಅದು ಹತ್ತನೇ ಒಂದು ಪಾಲು. ಮಾರುವಾಗ ಆ ಹಣ ಪೂರ್ತಿ ತಿರುಗಿ ಬರುವುದಿಲ್ಲ. ಅಗ್ಗದಲ್ಲಿ ಸಿಗುವ ಪಿವಿಸಿ ಫಿಲ್ಮ್ ನಮ್ಮ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತದೆ. ಅಂಟಿಸುವವರು ಕಾರಿನ ಮೇಲೆಯೇ ಬ್ಲೇಡ್ ಆಡಿಸಿದರೆ ಕಾಪಾಡಬೇಕಾದ ಬಣ್ಣಕ್ಕೇ ಗೀರು. ಅಳತೆಗೆ ಯಂತ್ರದಲ್ಲಿ ಕತ್ತರಿಸಿಕೊಡುತ್ತೀರಾ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅಂಚು ಎದ್ದರೆ ಕೊಳೆ ಕಪ್ಪಗೆ ಗೆರೆ ಕಟ್ಟುತ್ತದೆ. ಮರುಬಣ್ಣ ಬಳಿದ ಭಾಗದಿಂದ ಕೀಳುವಾಗ ಬಣ್ಣವೂ ಜೊತೆಗೆ ಎದ್ದು ಬರಬಹುದು. ಆಯುಸ್ಸು ಮುಗಿದ ಫಿಲ್ಮ್ ಕೊನೆಗೆ ಸೇರುವುದು ಪ್ಲಾಸ್ಟಿಕ್ ಕಸಕ್ಕೆ, ಇದನ್ನು ಯಾವ ಅಂಗಡಿಯೂ ಹೇಳುವುದಿಲ್ಲ.

ಫಿಲ್ಮ್ ಹಾಕಿಸಿದರೆ ಪೊಲೀಸರು ಹಿಡಿಯುತ್ತಾರೆಯೇ ಎಂಬ ಅಳುಕು ಭಾವನಿಗಿತ್ತು. ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿದ್ದು ಗಾಜಿಗೆ ಅಂಟಿಸುವ ಕಪ್ಪು ಫಿಲ್ಮನ್ನು. ಮೈಬಣ್ಣದ ಮೇಲಿನ ಪಾರದರ್ಶಕ ಫಿಲ್ಮಿಗೂ ಅದಕ್ಕೂ ಸಂಬಂಧವಿಲ್ಲ. ಕಾರಿನ ಬಣ್ಣವೇ ಬದಲಾಗುವಂಥ ಫಿಲ್ಮ್ ಆದರೆ ಮಾತ್ರ ಆರ್‌ಸಿಯಲ್ಲಿ ತಿದ್ದುಪಡಿ ಬೇಕು.

ಎರಡಕ್ಕೂ ಖರ್ಚು ಮಾಡದವರಿಗೂ ಒಂದು ಮಾತು ಹೇಳಲೇಬೇಕು. ಕಾರಿನ ಹೊಳಪನ್ನು ಹೆಚ್ಚು ಕೊಲ್ಲುವುದು ಬೆಳಗಿನ ಒಂದು ಬಕೆಟ್, ಒಂದು ಬಟ್ಟೆ. ಹತ್ತು ಕಾರು ಒರೆಸಿದ ಬಟ್ಟೆಯಲ್ಲಿ ಮರಳು ತುಂಬಿರುತ್ತದೆ, ಒಣ ಧೂಳಿನ ಮೇಲೆ ಅದನ್ನು ಎಳೆದರೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಗೀರು ಕಾಣುತ್ತದೆ. ಭಾವನ ಮಗಳಿಗೆ ಹೇಳಿದ್ದು ಇದನ್ನೇ: ಕಾರು ತೊಳೆಯುವ ಹುಡುಗನಿಗೆ ನಿನ್ನದೇ ಎರಡು ಮೆತ್ತನೆ ಬಟ್ಟೆ ಕೊಡು, ಮೊದಲು ನೀರು ಹಾಕಿ ಧೂಳು ಇಳಿಸಲು ಹೇಳು. ಹಳೆಯ ಕೋಟಿಂಗ್ ಸವೆದ ಮೇಲೆ ಮತ್ತೊಮ್ಮೆ ಹಚ್ಚಿಸಿದರೆ ಅವಳ ಓಡಾಟಕ್ಕೆ ಸಾಕು. ಆದರೆ ಪ್ರತಿ ಸಲವೂ ಮೊದಲು ಪಾಲಿಶ್ ಹೊಡೆಯುತ್ತಾರೆ, ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಒಂದಷ್ಟು ಸವೆಸುವುದೇ. ವರ್ಷಕ್ಕೊಮ್ಮೆ ಹೊಡೆಸುವ ಹುರುಪು ಬೇಡ.

ಭಾವನ ಹೊಸ ಕಾರಿಗೆ ಬಂಪರ್, ಬಾನೆಟ್, ಕನ್ನಡಿಗಳ ಬೆನ್ನು, ಹಿಂಚಕ್ರದ ಮುಂದಿನ ಭಾಗ, ಇಷ್ಟಕ್ಕೆ ಫಿಲ್ಮ್ ಎಂದು ತೀರ್ಮಾನವಾಗಿದೆ. ಉಳಿದುದಕ್ಕೆ ಸೆರಾಮಿಕ್ ಬೇಕೋ ಬೇಡವೋ ಎಂಬುದನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡೋಣ ಎಂದಿದ್ದಾರೆ. ಸೆರಾಮಿಕ್ ಹಚ್ಚಿದ ಮೇಲೆ ಫಿಲ್ಮಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಫಿಲ್ಮಿನ ಮೇಲೆ ಸೆರಾಮಿಕ್ ಹಚ್ಚಬಹುದು. ಅದಕ್ಕೇ ಶೋರೂಮಿಗೆ ಮೊನ್ನೆಯೇ ಫೋನ್ ಮಾಡಿ ಹೇಳಿದರು: ಪಾಲಿಶ್ ಬೇಡ, ಕೋಟಿಂಗ್ ಬೇಡ, ಬಟ್ಟೆಯಲ್ಲಿ ಒರೆಸುವುದೂ ಬೇಡ, ಧೂಳಿದ್ದರೆ ಧೂಳಿನ ಸಮೇತವೇ ಕೊಡಿ.