ಕೂಸಿನ ಕೈ ಬಿಡ್ರಿ, ಅದೂ ತಿನ್ನಲಿ

ಇವತ್ತು ಒಂದು ಯುದ್ಧದ ಮಾತು ಹೇಳತೇನಿ. ಎಲ್ಲಾರ ಪಡಸಾಲಿಯೊಳಗೂ ದಿನಕ್ಕ ಮೂರು ಹೊತ್ತು ನಡಿಯೋ ಯುದ್ಧ ಇದು: ಕೂಸಿಗೆ ಉಣಸೋದು. ಒಬ್ಬರು ಎರಡೂ ಕೈ ಹಿಡೀಬೇಕು, ಒಬ್ಬರು ಗಲ್ಲ ಒತ್ತಿ ಚಮಚಾ ತುರಕಬೇಕು, ಇನ್ನೊಬ್ಬರು ಮೊಬೈಲ್ ಹಿಡದು ಹಾಡು ತೋರಸಬೇಕು. ಎಂಟು ತಿಂಗಳ ಒಂದು ಕೂಸಿಗೆ ಮೂರು ಮಂದಿ ದೊಡ್ಡವರು! ಕಡೀಕೆ ಅರ್ಧ ಹೊಟ್ಟಿಗೆ, ಅರ್ಧ ಅಂಗಿ ಮ್ಯಾಲೆ, ಮತ್ತ ಆ ತಾಯಿ ಕಣ್ಣಾಗ ನೀರು.

ನನ್ನ ಅಭಿಪ್ರಾಯ ಇಷ್ಟ ನೋಡ್ರಿ. ಆರು ತಿಂಗಳು ತುಂಬಿ, ಕೂಡಲಿಕ್ಕೆ ಬಂದ ಕೂಸಿಗೆ ತನ್ನ ಕೈಲೆ ತಾ ತಿನ್ನಲಿಕ್ಕೆ ಬಿಡಬೇಕು. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದು ನಮ್ಮ ಕೆಲಸ. ಎಷ್ಟು ಉಣ್ಣಬೇಕು ಅನ್ನೋದು ಅದರ ಹೊಟ್ಟಿ ಕೆಲಸ. ಅದರ ಹೊಟ್ಟಿ ಲೆಕ್ಕ ನಾವು ಇಡಲಿಕ್ಕೆ ಹೋಗಿದ್ದಕ್ಕ ಇಷ್ಟೆಲ್ಲಾ ರಗಳಿ.

ಈಗಿನ ಹುಡುಗ್ಯಾರು ಇದಕ್ಕ ಬೇಬಿ ಲೆಡ್ ವೀನಿಂಗ್ ಅಂತಾರ. ಇಂಗ್ಲೆಂಡಿನ ಗಿಲ್ ರ‍್ಯಾಪ್ಲಿ ಅನ್ನೋ ಹೆಣ್ಮಗಳು, ಮನಿಮನಿಗೆ ಹೋಗಿ ಕೂಸುಗಳನ್ನ ನೋಡಿಕೊಳ್ಳೋ ಆರೋಗ್ಯ ಕಾರ್ಯಕರ್ತೆ ಆಗಿದ್ದಾಕಿ, 2008ರಾಗ ಇನ್ನೊಬ್ಬಾಕಿ ಜೋಡಿ ಕೂಡಿ ಇದರ ಮ್ಯಾಲೆ ಪುಸ್ತಕ ಬರದ ಮ್ಯಾಲೆ ಈ ಹೆಸರು ಎಲ್ಲಾ ಕಡೆ ಹಬ್ಬಿತು. ಹೆಸರು ಕೇಳಿದ ಕೂಡಲೆ ನಮ್ಮ ಓಣಿಯೊಳಗ "ಫಾರಿನ್ ಫ್ಯಾಷನ್ ನಮಗ್ಯಾಕ ಬೇಕ್ರಿ" ಅಂತಾರ. ಅಲ್ರಿ, ಐದು ಬಟ್ಟಿಲೆ ಕಲಸಿ ಉಣ್ಣೋ ಮಂದಿ ನಾವು. ಹೊಲಕ್ಕ ಹೋಗೋ ಹೆಣ್ಮಕ್ಕಳು ಕೂಸಿನ ಕೈಯಾಗ ರೊಟ್ಟಿ ಚೂರು ಕೊಟ್ಟು ಬಾಜೂಕ ಕೂಡಿಸಿಕೊಂಡು ತಾವೂ ಊಟಾ ಮಾಡ್ತಿದ್ರು. ಕೈಲೆ ಉಣ್ಣೋದನ್ನ ಫಾರಿನ್ ಅನ್ನೋದು, ಪ್ಲಾಸ್ಟಿಕ್ ಚಮಚಾನ ನಮ್ಮ ಸಂಪ್ರದಾಯ ಅನ್ನೋದು, ಇದ್ಯಾವ ನ್ಯಾಯ?

ಇನ್ನೊಂದು ವಿಚಾರ ಮಾಡ್ರಿ. ಉಷ್ಟಾವಣದ ದಿನ ನಾವು ಏನು ಮಾಡ್ತೇವಿ? ಕೂಸಿನ ಮುಂದ ಪುಸ್ತಕ, ಪೆನ್ನು, ಬಂಗಾರ ಎಲ್ಲಾ ಇಟ್ಟು ಯಾವುದನ್ನ ಹಿಡೀತದ ಅಂತ ಉಸರು ಬಿಗಿ ಹಿಡದು ನೋಡ್ತೇವಿ. ಪೆನ್ನು ಹಿಡದ್ರ "ಮಾಸ್ತರ ಆಗ್ತಾನ" ಅಂತ ಚಪ್ಪಾಳಿ. ಅಂದ್ರ ಮುಂದಿನ ಇಡೀ ಆಯುಷ್ಯ ಆರಿಸಲಿಕ್ಕೆ ಆ ಕೈ ಮ್ಯಾಲೆ ನಮಗ ನಂಬಿಕಿ ಅದ. ಮರುದಿನ ಅದೇ ಕೈ ಕುಂಬಳಕಾಯಿ ಹೋಳಿಗೆ ಹೋದ್ರ ಮಾತ್ರ ಹಿಡದು ಹಿಂದಕ್ಕ ಎಳೀತೇವಿ!

ಈಗ ಹೆಂಗ ಸುರು ಮಾಡೋದು ಅಂತ ಹೇಳತೇನಿ. ಆರು ತಿಂಗಳ ತನಕ ತಾಯಿ ಹಾಲು ಒಂದೇ ಸಾಕು, ನೀರು ಸುದ್ದಾ ಬ್ಯಾಡ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನ. ಆಮ್ಯಾಲೆ ಕ್ಯಾಲೆಂಡರ್ ಒಂದೇ ಅಲ್ಲ, ಕೂಸನ್ನೂ ನೋಡ್ರಿ. ಸ್ವಲ್ಪ ಆಸರಾ ಕೊಟ್ರ ನೆಟ್ಟಗ ಕೂಡಬೇಕು. ಕುತ್ತಿಗಿ ಗಟ್ಟಿ ನಿಂತಿರಬೇಕು. ಸಿಕ್ಕಿದ್ದನ್ನ ಹಿಡದು ಬಾಯಿಗೆ ಒಯ್ಯಬೇಕು. ಬಾಯಾಗ ಇಟ್ಟದ್ದನ್ನ ನಾಲಿಗಿಲೆ ಹೊರಗ ದಬ್ಬೋದು ಕಡಿಮಿ ಆಗಿರಬೇಕು. ತಿಂಗಳು ತುಂಬದ ಹುಟ್ಟಿದ ಕೂಸು, ತೂಕ ಏರದ ಕೂಸು ಇದ್ರ ಡಾಕ್ಟರನ್ನ ಕೇಳಿ ಮಾಡ್ರಿ, ನನ್ನ ಮಾತು ಕೇಳಿ ಅಲ್ಲ.

ಆರು ತಿಂಗಳ ಕೂಸು ಇಡೀ ಮುಷ್ಟಿಲೆ ಹಿಡೀತದ, ಎರಡು ಬಟ್ಟಿಲೆ ಚಿವುಟಿ ಹಿಡಿಯೋದು ಒಂಬತ್ತು ತಿಂಗಳ ಸುಮಾರಿಗೆ ಬರ್ತದ. ಹಿಂಗಾಗಿ ಸುರುವಿನೊಳಗ ಸಣ್ಣ ಸಣ್ಣ ಚೂರು ಮಾಡಿದ್ರ ಅದಕ್ಕ ಹಿಡೀಲಿಕ್ಕೇ ಆಗೋದಿಲ್ಲ. ನಮ್ಮ ಬೆರಳಿನಷ್ಟು ಉದ್ದ ಹೋಳು ಮಾಡ್ರಿ, ಅರ್ಧ ಮುಷ್ಟಿಯೊಳಗ, ಅರ್ಧ ಹೊರಗ ಬರೂ ಹಂಗ. ಮೆತ್ತಗಾಗೇದೋ ಇಲ್ಲೋ ನೋಡಲಿಕ್ಕೆ ಎರಡು ಬಟ್ಟಿನ ನಡುವ ಇಟ್ಟು ಒತ್ತಿ ನೋಡ್ರಿ. ಬೆಣ್ಣಿ ಹಂಗ ಹಿಚಕಿದ್ರ ಕೊಡಬಹುದು. ಕುಕ್ಕರಿನೊಳಗ ಬೇಯಿಸಿದ ಗಜ್ಜರಿ, ಗೆಣಸು, ಕುಂಬಳಕಾಯಿ, ಬಟಾಟಿ, ಹಣ್ಣಾದ ಪಪ್ಪಾಯಿ, ಬಾಳೆಹಣ್ಣು, ಇಡ್ಲಿ, ತುಪ್ಪ ಹಚ್ಚಿದ ಮೆತ್ತಗಿನ ದೋಸೆ, ಬ್ಯಾಳಿ ಕಟ್ಟಿನೊಳಗ ನೆನಸಿದ ಚಪಾತಿ. ಅನ್ನಾ ಬ್ಯಾಳಿ ಕಲಸಿ ತುಪ್ಪ ಹಾಕಿ ಉದ್ದುದ್ದ ಉಂಡಿ ಮಾಡಿದ್ರ ಅದನ್ನೂ ತಾನೇ ಹಿಡೀತದ. ಬ್ಯಾರೆ ಅಡಗಿ ಬೇಕಾಗೇ ಇಲ್ಲ. ಪಲ್ಯಾಕ್ಕ ಉಪ್ಪು ಖಾರ ಹಾಕೋ ಮೊದಲ ಕೂಸಿನ ಪಾಲು ತಗದು ಇಟ್ರ ಮುಗೀತು. ಒಂದು ವರ್ಷದ ತನಕ ಉಪ್ಪು ಬ್ಯಾಡ, ಎರಡು ವರ್ಷದ ತನಕ ಸಕ್ಕರಿ ಬೆಲ್ಲ ದೂರ ಇಟ್ಟಷ್ಟು ಛೊಲೋ. ಮತ್ತ ಜೇನುತುಪ್ಪ ವರ್ಷದೊಳಗಿನ ಕೂಸಿಗೆ ಮುಟ್ಟಸಲೇಬ್ಯಾಡ್ರಿ. ಅದರೊಳಗ ಒಂದು ನಮೂನಿ ಸೂಕ್ಷ್ಮ ಜೀವಿ ಇರಬಹುದು, ದೊಡ್ಡವರಿಗೆ ಏನೂ ಆಗೋದಿಲ್ಲ, ಎಳೀ ಕೂಸಿನ ನರಕ್ಕ ಅದು ವಿಷ ಆಗ್ತದ. ಉಷ್ಟಾವಣದ ದಿನ ನಾಲಿಗಿಗೆ ಹಚ್ಚೋದೂ ಬ್ಯಾಡ.

ಇಲ್ಲಿ ಒಂದು ಮಾತು ಈಗಿನ ಹುಡುಗ್ಯಾರಿಗೂ ಹೇಳಬೇಕು. ಕೆಲವರು ಇದನ್ನ ವ್ರತದ ಹಂಗ ಮಾಡ್ತಾರ. ಚಮಚಾ ಮುಟ್ಟಿದ್ರ ಮೈಲಿಗಿ! ನನಗ ಇದು ಒಪ್ಪಿಗಿ ಇಲ್ಲ. ನಮ್ಮ ಊಟದಾಗ ಗಂಜಿ ಅದ, ಮೊಸರನ್ನ ಅದ, ಹೆಸರುಬ್ಯಾಳಿ ಕಿಚಡಿ ಅದ. ಇದನ್ನೆಲ್ಲಾ ಆರು ತಿಂಗಳ ಕೂಸು ಮುಷ್ಟಿಲೆ ಎಷ್ಟು ತಿಂದೀತು? ಅದರ ಮ್ಯಾಲೆ, ತಾಯಿ ಹೊಟ್ಟಿಯೊಳಗಿಂದ ತಂದ ಕಬ್ಬಿಣದ ಗಂಟು ಆರು ತಿಂಗಳ ಸುಮಾರಿಗೆ ಕರಗ್ತಾ ಬಂದಿರ್ತದ, ಹಾಲಿನೊಳಗ ಕಬ್ಬಿಣ ಭಾಳ ಕಡಿಮಿ. ಬರೇ ಗಜ್ಜರಿ, ಬಾಳೆಹಣ್ಣು ಚೀಪಿಕೋತ ಕೂತ್ರ ಅದು ತುಂಬೋದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳೊಳಗ ನೂರಕ್ಕ 67 ಮಕ್ಕಳಿಗೆ ರಕ್ತ ಕಡಿಮಿ. ನೂರಕ್ಕ 67 ಅಂದ್ರ ನಮ್ಮ ಓಣಿ ಮಕ್ಕಳೂ ಅದರಾಗ ಬಂದ್ರು.

ಅದಕ್ಕ ನನ್ನ ದಾರಿ ನಡುವಿನದು. ಒಂದು ಕಡೆ ತಾಟಿನ್ಯಾಗ ಎರಡು ಮೂರು ಹೋಳು ಅದರ ಕೈಗೆ, ಇನ್ನೊಂದು ಕಡೆ ನಮ್ಮ ಕೈಯಾಗ ಒಂದು ಬಟ್ಟಲ. ಬ್ಯಾಳಿ, ಹೆಸರು, ಮೆಂತೆ ಇಲ್ಲಾ ರಾಜಗಿರಿ ಸೊಪ್ಪು ಹಾಕಿದ ಮೆತ್ತನ್ನ ಅನ್ನ, ಸಜ್ಜಿ ಇಲ್ಲಾ ರಾಗಿ ಗಂಜಿ, ಮ್ಯಾಲೆ ಎರಡು ಹನಿ ಲಿಂಬಿಹಣ್ಣು, ಹುಳಿ ಇದ್ರ ಕಬ್ಬಿಣ ಮೈಗೆ ಹತ್ತತದ. ತಿನ್ನೋರ ಮನ್ಯಾಗ ಪೂರಾ ಬೆಂದ ತತ್ತಿ, ಮುಳ್ಳು ತಗದ ಮೀನ. ಚಮಚಾ ತುಟಿ ಮುಂದ ಹಿಡದು ನಿಲ್ಲಸ್ರಿ. ಕೂಸು ತಾನೇ ಬಾಗಿ ಬಾಯಿ ತಗದ್ರ ಕೊಡ್ರಿ. ಮಾರಿ ತಿರುಗಿಸಿದ್ರ, ತುಟಿ ಬಿಗಿ ಹಿಡದ್ರ, ಅದು ಊಟಾ ಮುಗಿಸೇದ ಅಂತ ಅರ್ಥ. ಅದಕ್ಕ ಮಾತು ಬರೋದಿಲ್ಲ, ಬ್ಯಾಡ ಅನ್ನೋದು ಮಾತ್ರ ಬರ್ತದ. ಆ ಒಂದು ಮಾತಿಗಾದ್ರೂ ನಾವು ಬೆಲಿ ಕೊಡಬೇಕಲ್ಲಾ? ಮೊಬೈಲ್ ತೋರಿಸಿ ತುರಕಿದ್ರ ಹೊಟ್ಟಿ ತುಂಬೇದೋ ಇಲ್ಲೋ ಅನ್ನೋದು ಕೂಸಿಗೇ ತಿಳಿಯೋದಿಲ್ಲ.

ಇನ್ನ ಎಲ್ಲಾರಿಗೂ ಇರೋ ಅಂಜಿಕಿ, ಗಂಟಲಾಗ ಸಿಕ್ರ? ಇದು ಸಣ್ಣ ಮಾತಲ್ಲ, ನಗೋ ಮಾತೂ ಅಲ್ಲ. ಮೊದಲ ಎರಡು ನಮೂನಿ ತಿಳಕೊಳ್ರಿ. ಕೂಸು ಓಕ್ ಅಂತದ, ಮಾರಿ ಕೆಂಪಾಗ್ತದ, ಕಣ್ಣಾಗ ನೀರು ಬರ್ತದ, ಕೆಮ್ಮತದ, ಚೂರು ಮುಂದ ಬರ್ತದ. ಇದು ಓಕರಿಕಿ, ಕೂಸಿನ ಕಾವಲುಗಾರ. ಸಣ್ಣ ಕೂಸಿಗೆ ಇದು ನಾಲಿಗಿಯ ಮುಂದಿನ ಭಾಗದಾಗೇ ಇರ್ತದ, ಅದಕ್ಕ ಲಗೂನ ಬರ್ತದ. ಸುಮ್ಮನ ಕೂತು ನೋಡ್ರಿ, ಚೀರಿ ಅದನ್ನ ಅಂಜಿಸಬ್ಯಾಡ್ರಿ. ಇನ್ನೊಂದು ನಮೂನಿಯೊಳಗ ಸಪ್ಪಳೇ ಇರೋದಿಲ್ಲ. ಕೆಮ್ಮಲಿಕ್ಕೆ, ಅಳಲಿಕ್ಕೆ ಆಗೋದಿಲ್ಲ, ತುಟಿ ನೀಲಿ ಆಗ್ತದ. ಇದು ಖರೇ ಅಪಾಯ. ಕೂಸನ್ನ ಬೋರಲು ಹಾಕಿ, ತಲಿ ಕೆಳಗ ಮಾಡಿ ಮುಂಗೈ ಮ್ಯಾಲೆ ಮಲಗಿಸಿ, ಎರಡೂ ಭುಜದ ನಡುವ ಅಂಗೈಲೆ ಐದು ಪೆಟ್ಟು ಕೊಡಬೇಕು. ಬರಲಿಲ್ಲಂದ್ರ ತಿರುಗಿಸಿ ಎದಿ ನಡುವ ಐದು ಸಲ ಒತ್ತಬೇಕು. ಒಬ್ಬರು ಇದನ್ನ ಬಿಡದ ಮಾಡ್ತಿರಬೇಕು, ಇನ್ನೊಬ್ಬರು 108ಕ್ಕ ಫೋನ್ ಹಚ್ಚಬೇಕು. ಕಾಣದ ಬೆರಳು ಹಾಕಿ ಕೆದಕಿದ್ರ ಒಳಗ ಹೋಗ್ತದ, ಹಂಗ ಮಾಡಬ್ಯಾಡ್ರಿ. ಕೈಲೆ ತಿನ್ಲಿ, ಚಮಚಾದ್ಲೆ ತಿನ್ಲಿ, ಕೂಸಿರೋ ಮನ್ಯಾಗ ಇದು ಅಜ್ಜಿ ಮೊದಲುಮಾಡಿ ಎಲ್ಲಾರಿಗೂ ಗೊತ್ತಿರಬೇಕು.

ನ್ಯೂಜಿಲೆಂಡಿನೊಳಗ ಇನ್ನೂರು ಚಿಲ್ಲರೆ ತಾಯಂದ್ರ ಕೂಸುಗಳನ್ನ ನೋಡಿ ಒಂದು ಅಭ್ಯಾಸ ಮಾಡಿ, 2016ರಾಗ ಪ್ರಕಟಾ ಮಾಡಿದ್ರು. ತಾವೇ ತಿನ್ನೋ ಕೂಸುಗಳಿಗೆ ಗಂಟಲಾಗ ಸಿಗೋದು ಉಳದವರಕಿಂತ ಹೆಚ್ಚೇನೂ ಇರಲಿಲ್ಲ. ಆದ್ರ ಒಂದು ಗಮನಿಸ್ರಿ, ಆ ತಾಯಂದ್ರಿಗೆ ಏನು ಕೊಡಬಾರದು ಅಂತ ಮೊದಲೇ ಕಲಿಸಿದ್ರು. ನಮ್ಮ ಮನ್ಯಾಗಿನ ಯಾದಿ ನಾನು ಹೇಳತೇನಿ: ಶೇಂಗಾ ಕಾಳು, ಪುಟಾಣಿ, ಒಣಾ ಚುರುಮರಿ, ಚಕ್ಕಲಿ, ಹಸಿ ಗಜ್ಜರಿ, ಹಸಿ ಸೇಬು, ಗಟ್ಟಿ ಪ್ಯಾರಲಹಣ್ಣು, ಇಡೀ ದ್ರಾಕ್ಷಿ. ದ್ರಾಕ್ಷಿ ಉದ್ದಕ್ಕ ನಾಲ್ಕು ಸೀಳು ಮಾಡಿ ಬೀಜಾ ತಗೀರಿ. ಶೇಂಗಾ ನುಣ್ಣಗ ಅರದು ಗಂಜಿಯೊಳಗ ಕದಡ್ರಿ. ಮಲಗಿಸಿ, ಓಡಾಡಿಸಿಕೋತ, ನಗಿಸಿಕೋತ ತಿನ್ನಸಬ್ಯಾಡ್ರಿ. ತಾಟಿನ ಮುಂದ ಕೂಸನ್ನ ಒಂದೇ ಬಿಟ್ಟು ಎದ್ದು ಹೋಗಲೇಬ್ಯಾಡ್ರಿ, ಹಾಲು ಉಕ್ಕಿ ಹೋದ್ರೂ ಹೋಗಲಿ.

ಈಗ ನಾನು ಇದನ್ನ ಬರೀಲಿಕ್ಕೆ ಕೂತ ಖರೇ ಕಾರಣಕ್ಕ ಬರ್ತೇನಿ. ಕೂಸು ಉಣ್ಣಲಿಲ್ಲಂದ್ರ ಬೈಸಿಕೊಳ್ಳೋರು ಯಾರು? ಅದರ ಅಪ್ಪನಂತೂ ಅಲ್ಲ. ನನ್ನ ಮೊಮ್ಮಗಳು ಮೊದಲಿನ ಹದಿನೈದು ದಿನ ಬರೇ ನೆಕ್ಕಿ, ಹಿಚಕಿ, ಕೆಳಗ ಒಗದು ನೋಡಿದಳು. ಹೊಟ್ಟಿಗೆ ಹೋಗಿದ್ದು ಎರಡು ಚಮಚಾ ಇರಬೇಕು. ಬಂದವರು "ಏನವಾ, ಕೂಸು ಸೊರಗೇದಲ್ಲ, ನಿನ್ನ ಹಾಲು ಸಾಲೂದಿಲ್ಲೇನು?" ಅಂತ ನನ್ನ ಮಗಳಿಗೆ ಮಾರಿ ಮ್ಯಾಲೇ ಕೇಳಿದ್ರು. ಹಸೀ ಬಾಣಂತನ ದಾಟಿ, ರಾತ್ರಿ ನಾಲ್ಕು ಸಲ ಏಳೋ ಹುಡುಗಿಗೆ ಕೇಳೋ ಮಾತೇನು ಇದು? ಕೂಸಿನ ತೂಕ ಬಾಜೂ ಮನಿ ಕೂಸಿನ ಗಲ್ಲಾ ನೋಡಿ ಅಳಿಯೋದಲ್ರಿ. ಅಂಗನವಾಡಿಯೊಳಗ ತೂಕಾ ಮಾಡಿ ಕಾರ್ಡಿನೊಳಗ ಗೆರಿ ಎಳೀತಾರ, ಆ ಗೆರಿ ತನ್ನ ದಾರಿಲೆ ಮ್ಯಾಲೆ ಏರಲಿಕ್ಹತ್ತೇದೋ ಇಲ್ಲೋ ನೋಡ್ರಿ. ಸುರುವಿಗೆ ದಿನಕ್ಕ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಸಾಕು, ಹಾಲು ನಡದೇ ಇರ್ತದ. ಗೆರಿ ಏರದ ನಿಂತ್ರ, ಇಲ್ಲಾ ಕೆಳಗ ಜಗ್ಗಿದ್ರ ಡಾಕ್ಟರ್ ಕಡೆ ಹೋಗ್ರಿ. ಏರಲಿಕ್ಹತ್ತಿದ್ರ ಆ ತಾಯಿಗೆ ಒಂದು ಮಾತು ಅನಬ್ಯಾಡ್ರಿ.

ರಾಡಿ ಆಗ್ತದ, ಇಲ್ಲ ಅನ್ನೋದಿಲ್ಲ. ಕೆಳಗ ಒಂದು ಹಳೇ ಪತ್ಲಾ ಹಾಸ್ರಿ, ಕೂಸಿನ ಅಂಗಿ ಬಿಚ್ರಿ, ಉಂಡ ಮ್ಯಾಲೆ ಎರಕೊಂಡ್ರ ಆತು. ಸಾವಿರಾರು ರೂಪಾಯಿದ ಖುರ್ಚಿ ಬೇಕಾಗಿಲ್ಲ, ತೊಡಿ ಮ್ಯಾಲೆ ನೆಟ್ಟಗ ಕೂಡಿಸಿಕೊಂಡ್ರ ಸಾಕು. ನೆಲಾ ಒರಸೋ ಕೆಲಸ ಮಾತ್ರ ಅಪ್ಪಂದ್ರಿಗೆ ಕೊಡ್ರಿ, ಅಷ್ಟಾದ್ರೂ ಆಗಲಿ.

ಅತ್ತಿ ಆದವರಿಗೆ, ಅಜ್ಜಿ ಆದವರಿಗೆ, ನನ್ನ ವಾರಿಗಿ ಅಕ್ಕಾ ವೈನಿಗೋಳಿಗೆ ಕೈ ಮುಗದು ಹೇಳತೇನಿ. ಸೊಸಿ ತಾಟು ಹಿಡದು ಕೂತಾಗ ಹಿಂದ ನಿಂತು ಲೆಕ್ಕಾ ಹಾಕಬ್ಯಾಡ್ರಿ. ನಿಮ್ಮ ತಾಟೂ ತಗೊಂಡು ಬಂದು ಕೂಸಿನ ಮುಂದ ಕೂಡ್ರಿ, ನೀವೂ ನಿಮ್ಮ ಕೈಲೆ ಉಣ್ರಿ. ಕೂಸು ನೋಡಿ ಕಲೀತದ. ಆ ತಾಯಿಗೂ ಒಂದು ತುತ್ತು ಬಿಸಿ ಅನ್ನ ಹೊಟ್ಟಿಗೆ ಬೀಳ್ತದ.